ಟ್ಯಾಂಕಿನ ಮೇಲಿನ ರೆಕ್ಕೆ

ನಮ್ಮ ಯಜಮಾನರಿಗೆ ಟೀ ಬೇಕಾ ಕಾಫಿ ಬೇಕಾ ಅಂತ ಕೇಳಿದರೆ ಸೂರು ನೋಡುತ್ತಾ ಕೂರುತ್ತಾರೆ. ಎರಡೂ ಆರಿ ತಣ್ಣಗಾದರೂ ಉತ್ತರ ಬರಲ್ಲ. ಆದರೆ ಬೈಕಿಗೆ ಗಮ್ ಹಾಕಿ ಅಂಟಿಸಿದ್ದನ್ನು ಬಣ್ಣ ಕೆಡದ ಹಾಗೆ ಬಿಡಿಸೋದರಲ್ಲಿ ಅವರನ್ನು ಮೀರಿಸೋರು ಯಾರೂ ಇರಲಿಲ್ಲ. ಕಂಪನಿಯ ಅಕ್ಷರ, ಮೊಣಕಾಲು ತಾಗೋ ಜಾಗದ ರಬ್ಬರು, ಹುಡುಗರು ಶೋಕಿಗೆ ಅಂಟಿಸಿಕೊಂಡ ಹಾಳುಮೂಳು, ಎಲ್ಲಾ ಅವರ ಹತ್ತಿರವೇ ಬರುತ್ತಿತ್ತು. ಅವರು ಕೆಲಸ ಮಾಡೋ ಶೆಡ್ಡಿನ ಈಚೆ ಮೂಲೆಯಲ್ಲೇ ನಾನು ಬೈಕಿನ ಸೀಟು ಹೊಲಿಯುತ್ತೇನೆ. ನಮ್ಮ ಮಗಳು ಪಾಪು ಸ್ಕೂಲು ಬಿಟ್ಟ ಮೇಲೆ ಅಲ್ಲೇ ಆಡಿಕೊಂಡಿರುತ್ತಾಳೆ.

ಪೆಟ್ರೋಲು ಖಾಲಿ ಮಾಡಿ, ಟ್ಯಾಂಕು ಬಿಚ್ಚಿ, ಹಳೇ ಹಾಸಿಗೆ ಮೇಲೆ ಮಲಗಿಸುತ್ತಾರೆ. ಹೀಟ್ ಗನ್ನಿಂದ ಬಿಸಿಗಾಳಿ ಹಾಯಿಸುತ್ತಾ ನಡುನಡುವೆ ಬೆರಳಿನ ಹಿಂಭಾಗದಿಂದ ಮುಟ್ಟಿ ನೋಡುತ್ತಾರೆ. ಬಿಸಿ ಕಮ್ಮಿಯಾದರೆ ಗಮ್ಮು ಬಣ್ಣವನ್ನೂ ಕಿತ್ತುಕೊಂಡು ಬರುತ್ತೆ, ಜಾಸ್ತಿಯಾದರೆ ಬಣ್ಣ ಗುಳ್ಳೆ ಏಳುತ್ತೆ. ಹದ ಗೊತ್ತಾಗೋದು ಆ ಬೆರಳಿಗೇ. ಆಮೇಲೆ ನೈಲಾನ್ ದಾರವನ್ನು ಅಡಿಗೆ ತೂರಿಸಿ ಅತ್ತ ಇತ್ತ ಎಳೆದರೆ ಸಲೀಸಾಗಿ ಬಂದುಬಿಡುತ್ತೆ.

ಅಂಥವರು ಒಂದೇ ತಿಂಗಳಲ್ಲಿ ಗುಳ್ಳೆ ಎಬ್ಬಿಸಿ ಎರಡು ಟ್ಯಾಂಕಿನ ಬಣ್ಣ ಕೆಡಿಸಿದರು! ನನಗಂತೂ ತಲೆಬುಡ ಅರ್ಥವಾಗಲಿಲ್ಲ. ಗಮ್ಮು ಬದಲಾಗಿದೆ ಅಂದರು ಇವರು. ಹೀಟ್ ಗನ್ ಕೆಟ್ಟಿದೆ ಅಂದೆ ನಾನು. ಬೇರೆಯದು ತಂದರೂ ಅದೇ ಕಥೆ. "ಬಣ್ಣ ಮೊದಲಿನ ಹಾಗಿಲ್ಲ ಕಣೇ" ಅಂದರು. "ನಿಮ್ಮ ತಲೆ ಮೊದಲಿನ ಹಾಗಿಲ್ಲ" ಅಂತ ರೇಗಿದೆ. ಇನ್ನೊಂದು ಕೆಡಿಸಿದರೆ ಶೆಡ್ಡಿಗೆ ನಾಯಿನೂ ಬರಲ್ಲ ಅನ್ನೋದು ಇಬ್ಬರಿಗೂ ಗೊತ್ತಿತ್ತು.

ಆಗ ಬಂತು ಬೇಕರಿಯವರ ಕಪ್ಪು ಬೈಕು. ಕೊಂಡಾಗಿನ ಬಣ್ಣ, ಕನ್ನಡಿ ಹಾಗೆ ಇಟ್ಟುಕೊಂಡಿದ್ದರು. ಅವರ ಮಗ ಟ್ಯಾಂಕಿನ ಎರಡೂ ಕಡೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ರೆಕ್ಕೆ ಅಂಟಿಸಿಬಿಟ್ಟಿದ್ದ. "ಒಂದು ಗೀರೂ ಬೀಳಬಾರದು" ಅಂತ ಹೇಳಿ ಬಿಟ್ಟುಹೋದರು.

ಇವರು ಕಾಯಿಸಿದರು, ಮುಟ್ಟಿದರು. "ಇನ್ನೂ ಆಗಿಲ್ಲ." ಮತ್ತೆ ಕಾಯಿಸಿದರು, ಮುಟ್ಟಿದರು. "ಇದೇನೇ ಇದು, ಕಾಯ್ತಾನೇ ಇಲ್ಲ!"

ನನ್ನ ಮೂಗಿಗೆ ಬಣ್ಣದ ಘಾಟು ಹೊಡೆಯಿತು. "ರೀ, ನಿಲ್ಸ್ರೀ!" ಅಂತ ಓಡಿ ಬಂದು ಕೈಯಿಟ್ಟೆ. ಅಯ್ಯಯ್ಯೋ, ಕಾದ ಹಂಚು! ಕೈ ಕೊಡವಿಕೊಂಡೆ.

"ಹೌದಾ?" ಅಂತ ಇವರು ಮತ್ತೆ ಬೆರಳಿಟ್ಟರು. ಇಟ್ಟವರು ತೆಗೆಯಲೇ ಇಲ್ಲ, ನನ್ನ ಮುಖ ನೋಡುತ್ತಾ ನಿಂತರು.

ಆ ಕೈಯನ್ನು ನಾನೇ ಎಳೆದೆ. ಬೆರಳೆಲ್ಲಾ ಕೆಂಪು, ಒಂದರ ಮೇಲೆ ಹೊಸ ಬೊಬ್ಬೆ, ಪಕ್ಕದಲ್ಲಿ ಒಣಗಿದ ಹಳೇ ಬೊಬ್ಬೆ. "ಉರೀತಿಲ್ವೇನ್ರೀ?"

ಯಾರದೋ ಕೈ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಎಲ್ಲೇ?" ಅಂದರು.

ಬೈಯಲಾ, ಅಳಲಾ, ಒಂದೂ ತೋಚಲಿಲ್ಲ. ಚೊಂಬಿನಿಂದ ಆ ಕೈ ಮೇಲೆ ನೀರು ಹೊಯ್ಯುತ್ತಾ ಕೂತೆ. ಟ್ಯಾಂಕು ಆರುವವರೆಗೂ ಹೊಯ್ಯುತ್ತಲೇ ಇದ್ದೆ. ಪುಣ್ಯಕ್ಕೆ ಬಣ್ಣ ಎದ್ದಿರಲಿಲ್ಲ.

ಆಮೇಲೆ ಅವರೇ ಮೆಲ್ಲಗೆ, "ಒಂದ್ಸಲ ನೀನು ಮುಟ್ಟಿ ಹೇಳೇ" ಅಂದರು. ಅವರು ಕಾಯಿಸಿದರು, ನಾನು ಮುಟ್ಟಿದೆ. "ಇನ್ನೂ ಸ್ವಲ್ಪ. ಹಾಂ, ಸಾಕು." ದಾರ ತೂರಿಸಿ ಎಳೆದರು. ರೆಕ್ಕೆ ಅಂಗೈಗೆ ಬಂತು. ಅಡಿಯಲ್ಲಿ ಕಪ್ಪು ಬಣ್ಣ ಹಾಗೇ ಇತ್ತು, ಒಂದು ಗೀರೂ ಇಲ್ಲ.

ನನಗೆ ಹೋದ ಜೀವ ಬಂದ ಹಾಗಾಯಿತು. "ನೋಡಿದ್ರಾ? ನಾಳೇನೇ ಡಾಕ್ಟರ್ ಹತ್ರ ಹೋಗೋಣ. ಅಲ್ಲಿವರೆಗೆ ಮುಟ್ಟೋದು ನಾನು, ಬಿಡಿಸೋದು ನೀವು" ಅಂದೆ.

ಅವರು ನಗಲಿಲ್ಲ. ರೆಕ್ಕೆ ಹಿಡಿದುಕೊಂಡೇ ನಿಂತಿದ್ದರು.

"ಬೆಳಗ್ಗೆ ಪಾಪು ಮೈಯೆಲ್ಲಾ ನೋವು ಅಂತ ಅಳ್ತಿದ್ಲು" ಅಂದರು. "ನೀನು ನೀರಿಗೆ ಹೋಗಿದ್ದೆ. ಇದೇ ಕೈಯಲ್ಲಿ ಹಣೆ ಮುಟ್ಟಿ ನೋಡ್ದೆ ಕಣೇ. ಜ್ವರಗಿರ ಏನಿಲ್ಲ, ನಾಟಕ ಆಡ್ಬೇಡ ಅಂತ ಗದರಿಸಿ ಸ್ಕೂಲಿಗೆ ಕಳಿಸ್ಬಿಟ್ಟೆ."

ಇನ್ನೊಂದು ರೆಕ್ಕೆ ಟ್ಯಾಂಕಿನ ಮೇಲೇ ಇತ್ತು. ಶಟರ್ ಕೂಡ ಎಳೆಯದೆ ಇಬ್ಬರೂ ಸ್ಕೂಲಿನ ಕಡೆ ಓಡಿದೆವು.