ಹಳದಿ ಪಟ್ಟೆಯ ಒಂಟಿ ಕಾಲುಚೀಲ

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಅವರನ್ನು ಎಲ್ಲರೂ ಟೀಸಿಯವರು ಎಂದೇ ಕರೆಯುವುದು. ಹೆಂಡತಿಯಾಗಲಿದ್ದವಳನ್ನು ಅವರು ಮೊದಲು ಕಂಡದ್ದೂ ರೈಲಿನಲ್ಲಿಯೇ. ಕಿಟಕಿಯ ಪಕ್ಕ ಕುಳಿತಿದ್ದ ಹುಡುಗಿ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಗಳ ಬೆರಳುಗಳಿಂದ ಒಂದೇ ಸಮನೆ ತಟ್ಟುತ್ತಿದ್ದಳು. ಟಿಕೆಟ್ ಇಲ್ಲದವರ ಬೆರಳುಗಳೇ ಹೀಗೆ ಚಡಪಡಿಸುವುದು ಎಂಬುದು ಟೀಸಿಯವರ ಅನುಭವ. ಟಿಕೆಟ್ ನೋಡಿದರು, ಸರಿಯಾಗಿತ್ತು. ಮುಂದಿನ ನಿಲ್ದಾಣ ದಾಟಿದ ಮೇಲೆ ಮತ್ತೆ ಬಂದು ಕೈ ಚಾಚಿದರು.

"ಈಗ ತಾನೇ ತೋರಿಸಿದ್ನಲ್ಲ?"

"ಇನ್ನೊಂದು ಸಲ ತೋರಿಸಿ."

"ಅಷ್ಟರಲ್ಲಿ ಅದೇನು ಹಳಸಿಹೋಗುತ್ತಾ?"

ಸುತ್ತಲಿನವರು ನಕ್ಕರು. ಟೀಸಿಯವರೂ ನಕ್ಕರು. ವರ್ಷ ತಿರುಗುವುದರೊಳಗೆ ಮದುವೆಯಾಯಿತು. ಆದರೆ ಸಂದೇಹವೆಂಬುದು ಸಮವಸ್ತ್ರದೊಂದಿಗೆ ಕಳಚಿ ಗೂಟಕ್ಕೆ ಹಾಕುವ ವಸ್ತುವಲ್ಲ. ನೆರೆಯವರು "ಚೆನ್ನಾಗಿದ್ದೀರಾ?" ಎಂದರೂ, ಇವನಿಗೇನು ಬೇಕಾಗಿದೆಯಪ್ಪ ಎಂದು ಟೀಸಿಯವರು ಯೋಚಿಸುವರು.

ಆಕೆ ಲಾಂಡ್ರಿಯಲ್ಲಿ ಇಸ್ತ್ರಿಯ ಕೆಲಸಕ್ಕೆ ಸೇರಿ ಬಹಳ ಕಾಲವಾಗಿತ್ತು. ತಲೆಯಲ್ಲಿ ಬಿಳಿಕೂದಲು ಇಣುಕುವ ವಯಸ್ಸಿನಲ್ಲಿ, ಆಕೆ ಸಂಜೆ ತಡವಾಗಿ ಬರತೊಡಗಿದಳು. ಬಲಗೈಯ ಉಗುರುಗಳನ್ನು ಬುಡದವರೆಗೂ ಕತ್ತರಿಸಿಕೊಂಡಿದ್ದಳು. ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಒಂದು ದಿನ ಆಕೆಯ ಚೀಲದಲ್ಲಿ ಗಂಡಸರ ಕಾಲುಚೀಲವೊಂದು ಸಿಕ್ಕಿತು. ಹಳದಿ ಪಟ್ಟೆಯದು. ಟೀಸಿಯವರ ಕಾಲುಚೀಲಗಳೆಲ್ಲ ಕಪ್ಪು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಇವಳು ಬಿಟ್ಟುಹೋದರೆ ತನಗೆ ಯಾರಿದ್ದಾರೆ?

"ಯಾರದೇ ಇದು?"

"ಲಾಂಡ್ರಿಲಿ ಯಾರೋ ಬಿಟ್ಟುಹೋದದ್ದು ರೀ. ಒಂದು ಕೆಲಸಕ್ಕೆ ಬೇಕಿತ್ತು."

"ಒಂಟಿ ಕಾಲುಚೀಲದಲ್ಲಿ ಏನು ಕೆಲಸ? ಒಂಟಿ ಕಾಲಿನವನು ಯಾರಾದ್ರೂ ಸಿಕ್ಕಿದ್ದಾನಾ?"

ಆಕೆ ನಕ್ಕು ಕಾಲುಚೀಲವನ್ನು ಚೀಲಕ್ಕೆ ಹಾಕಿಕೊಂಡಳು. ಆ ನಗುವೇ ಟೀಸಿಯವರನ್ನು ಒಳಗೊಳಗೇ ಕೊರೆಯಿತು.

ಮರುದಿನ ಸಂಜೆ ಅವರು ಆಕೆಯ ಬೆನ್ನು ಹಿಡಿದರು. ಆಕೆ ವಾದ್ಯ ರಿಪೇರಿಯ ಅಂಗಡಿಯೊಂದನ್ನು ಹೊಕ್ಕಳು. ಟೀಸಿಯವರು ಬಾಗಿಲ ಬಳಿ ಕಿವಿಗೊಟ್ಟು ನಿಂತರು. ಹಿಂಬದಿಯ ಕೋಣೆಯಿಂದ, ಮಣಿಸರ ಹರಿದು ಮೆಟ್ಟಿಲ ಮೇಲೆ ಉರುಳಿದಂತೆ, ಸ್ವರಗಳು ಒಂದರ ಹಿಂದೊಂದು ಸುರಿಯುತ್ತಿದ್ದವು. ಇದು ಒಬ್ಬರ ಕೈಚಳಕವಲ್ಲ, ಒಳಗೆ ಇಬ್ಬರು ನುಡಿಸುತ್ತಿದ್ದಾರೆ ಎಂದುಕೊಂಡು ಅವರು ಪರದೆ ಸರಿಸಿದರು.

ಮೊದಲು ನೋಡಿದ್ದು ರಿಪೇರಿಯವನ ಕಾಲುಗಳನ್ನು. ಬರಿಗಾಲು. ಆಮೇಲೆ ಹೆಂಡತಿಯನ್ನು. ಆಕೆಯ ತೊಡೆಯ ಮೇಲೆ ಎಲೆಕ್ಟ್ರಿಕ್ ಗಿಟಾರ್. ಅದರ ಕತ್ತಿಗೆ ಬಿಗಿದಿದ್ದದ್ದು ಆ ಕಾಲುಚೀಲ! ಆಕೆ ತಂತಿಗಳನ್ನು ಮೀಟುತ್ತಿರಲಿಲ್ಲ. ಎಡಗೈ ಬೆರಳುಗಳು ಓಡಾಡುವ ಪಟ್ಟಿಯ ಮೇಲೆಯೇ ಬಲಗೈ ಬೆರಳುಗಳೂ ಬಂದು ತಂತಿಗಳನ್ನು ತಟ್ಟುತ್ತಿದ್ದವು.

"ಇದಕ್ಕೆ ಟ್ಯಾಪಿಂಗ್ ಅಂತಾರೆ ಸ್ವಾಮಿ," ಎಂದ ರಿಪೇರಿಯವನು. "ಬೇಡದ ತಂತಿ ಗುಂಯ್ ಅನ್ನಬಾರದಲ್ಲ, ಅದಕ್ಕೇ ಕಾಲುಚೀಲ."

ನುಡಿಸುವವರು ಇನ್ನೊಬ್ಬರು ಇರಲೇಬೇಕೆಂದು ಟೀಸಿಯವರು ಸ್ಪೀಕರ್ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡಿದರು.

"ಯಾರೂ ಇಲ್ಲ ರೀ. ಬೇಕಾದ್ರೆ ಗಿಟಾರನ್ನೂ ಬಿಚ್ಚಿ ತೋರಿಸ್ಲಾ?"

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ‘ಎಲ್ಲಿ, ತೋರಿಸು’ ಅಂತೀರಿ. ಆವತ್ತು ರೈಲಲ್ಲಿ ತಟ್ಟುತ್ತಿದ್ದದ್ದೂ ಇದೇ. ನೀವು ಟಿಕೆಟ್ ಕೇಳಿದ್ರಿ. ಮದುವೆಯಾದ ಮೇಲೆ ಬಿಟ್ಟೇಹೋಗಿತ್ತು. ಈಗ ಮತ್ತೆ ಶುರುಮಾಡಿದೀನಿ, ವೇಗ ಹೆಚ್ಚಿಸಿದ್ರೆ ಅರ್ಧಕ್ಕೇ ಮುಂಗೈ ಕಲ್ಲಾಗುತ್ತೆ. ಪೂರ್ತಿ ನುಡಿಸೋಕೆ ಬಂದ ಮೇಲೆ ಹೇಳೋಣ ಅಂತಿದ್ದೆ."

"ಎಲ್ಲಿ, ನುಡಿಸು."

ಆಕೆ ನಗುತ್ತಲೇ ನುಡಿಸಿದಳು. ಟೀಸಿಯವರು ಕಳ್ಳಪ್ರಯಾಣಿಕರನ್ನು ನೋಡುವ ಕಣ್ಣಿನಿಂದಲೇ ನೋಡಿದರು. ವೇಗ ಏರುತ್ತಿದ್ದಂತೆ, "ನಿಲ್ಲಿಸು!" ಎಂದರು. "ಕೈ ಸೋಲೋದಕ್ಕೆ ಮೊದಲು ನಿನ್ನ ಬಲಭುಜ ಮೆಲ್ಲಗೆ ಮೇಲೇರುತ್ತೆ. ನನ್ನನ್ನು ಕಂಡಾಗ ಟಿಕೆಟ್ ಇಲ್ಲದವರ ಭುಜವೂ ಹಾಗೇ."

ಆಕೆ ಭುಜ ಇಳಿಸಿ, ನಿಧಾನವಾಗಿ ಮೊದಲಿನಿಂದ ಆರಂಭಿಸಿದಳು. ಭುಜ ಕದಲದಿದ್ದರೆ ಮಾತ್ರ ವೇಗ ತುಸು ಹೆಚ್ಚಿಸುವುದು. ಕದಲಿದರೆ ಮತ್ತೆ ಇಳಿಸುವುದು. ಅಂದಿನಿಂದ ಅದೇ ಅಭ್ಯಾಸಕ್ರಮವಾಯಿತು.

ಈಗ ಆಕೆ ಸಣ್ಣದೊಂದು ವಾದ್ಯವೃಂದದಲ್ಲಿ ನುಡಿಸುತ್ತಾಳೆ, ಮೊದಲಿನಿಂದ ಕೊನೆಯವರೆಗೂ. ಕಾಲುಚೀಲ ಬಿಗಿದುಕೊಡುವವರು ಟೀಸಿಯವರು. ಮುಂದಿನ ಸಾಲಿನಲ್ಲಿ ಕುಳಿತು, ಭುಜ ಏರಿತೆಂದರೆ ಕೆಮ್ಮುತ್ತಾರೆ, ಅದು ಇಳಿಯುತ್ತದೆ. ಕೆಮ್ಮುವ ಕೆಲಸವಿಲ್ಲದಾಗ ಅವರ ದೃಷ್ಟಿ ಸಭೆಯಲ್ಲಿರುವ ಗಂಡಸರ ಕಾಲುಗಳ ಮೇಲೆಯೇ ಹರಿದಾಡುತ್ತಿರುತ್ತದೆ. ಹಳದಿ ಪಟ್ಟೆಯ ಆ ಇನ್ನೊಂದು ಕಾಲುಚೀಲ ಎಲ್ಲಿಯಾದರೂ ಇರಲೇಬೇಕಲ್ಲ!