ಕಣಿವೆ ಇಳಿದ ಭಾನುವಾರ

ನಮ್ಮ ಮನೆ ಯಡಿಯೂರು ಕೆರೆಯ ಈಚೆಗಿತ್ತು. ಜಯನಗರದ ಸೈಟುಗಳಿಗೆ ಆಗಷ್ಟೇ ಕಲ್ಲು ನೆಡುತ್ತಿದ್ದರು. ಸೋದರತ್ತೆಯ ಊರಿಗೆ ಹೋಗಲು ಎರಡು ದಾರಿ. ಬಸ್ಸಿನದು ಸುತ್ತುದಾರಿ. ಇನ್ನೊಂದು, ಬನಶಂಕರಿ ದಾಟಿ ದಕ್ಷಿಣಕ್ಕೆ, ಎರಡು ಗುಡ್ಡಗಳ ನಡುವೆ ಹತ್ತಿ ಇಳಿಯುವ ಕಣಿವೆ ದಾರಿ. ಎತ್ತಿನ ಗಾಡಿಯವರು ತಲೆಮಾರುಗಳಿಂದ ಸವೆಸಿದ ಜಾಡು ಅದು. ಗಾಡಿಚಕ್ರದ ಎರಡು ಗೀರುಗಳ ನಡುವೆ, ಬದನೆಕಾಯಿ ಹೇರಿಕೊಂಡು ಮಾರ್ಕೆಟ್ಟಿಗೆ ಬರುವ ಸೈಕಲ್ಲಿನವರು ಮೊಳದಗಲದ ತಮ್ಮದೇ ದಾರಿ ಮಾಡಿಕೊಂಡಿದ್ದರು.

ನನಗೆ ಸೈಕಲ್ ಹುಚ್ಚು. ಬಸವನಗುಡಿಯ ಹೈಸ್ಕೂಲಿಗೆ ಸೈಕಲ್ಲಿನಲ್ಲೇ ಹೋಗುತ್ತೇನೆಂದು ಹಟ ಹಿಡಿದಿದ್ದೆ. "ಹೆಣ್ಣುಡುಗಿ ಸೈಕಲ್ ತುಳಿಯೋದಾ? ಕೈಕಾಲು ಮುರ್ಕೊಂಡ್ರೆ ಯಾರು ಕಟ್ಕೋತಾರೆ?" ಎಂದು ಅಜ್ಜಿ. ಆಫೀಸಿನಲ್ಲೂ ಯಾರಿಗೂ ಇಲ್ಲವೆನ್ನದ ಗುಮಾಸ್ತ ನಮ್ಮಪ್ಪ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ತೀರ್ಪು ಕೊಟ್ಟರು: "ನನ್ ಜೊತೆ ಕಣಿವೆ ದಾಟಿ ಅತ್ತೆ ಮನೆಗೆ ಬಾ. ಬೀಳ್ದೆ ಬಂದ್ರೆ ಸೈಕಲ್ ಕೊಡಿಸ್ತೀನಿ."

ಒಂದು ಭಾನುವಾರ ಬಾಡಿಗೆ ಸೈಕಲ್ ತಂದು, ಲಂಗ ಎತ್ತಿ ಕಟ್ಟಿ ಹೊರಟೆ. ಏರಿನಲ್ಲಿ ಅಪ್ಪ ತಮ್ಮ ಸೈಕಲ್ ತಳ್ಳುತ್ತಾ ಹಿಂದೆ ಉಳಿದರು. ನಾನು ತುಳಿದೇ ಹತ್ತಿದೆ. ನೆತ್ತಿಯಲ್ಲಿ ಸೊಪ್ಪಮ್ಮ ಇದ್ದಳು. ಗುಡಿಯಿಲ್ಲ, ವಿಗ್ರಹವಿಲ್ಲ, ಒಣಗಿದ ಸೊಪ್ಪಿನ ಗುಡ್ಡೆ ಅಷ್ಟೆ. ದಾರಿಹೋಕರು ಒಂದು ಟೊಂಗೆ ಮುರಿದು ಹಾಕಿದರೆ ಕಾಲುನೋವು ಅಲ್ಲೇ ಉಳಿಯುತ್ತದೆಂಬ ನಂಬಿಕೆ. ಸೈಕಲ್ಲಿನವರೂ ಇದನ್ನು ಬಿಟ್ಟಿರಲಿಲ್ಲ. ಎಂಥ ಗಟ್ಟಿಗನೂ ಅಲ್ಲಿ ಸೀಟು ಬಿಟ್ಟು, ಸೊಪ್ಪು ಹಾಕಿ, ಆಚೆಯ ಕಡಿದಾದ ಜಾಡಿನಲ್ಲಿ ಸೈಕಲ್ ಹಿಡಿದುಕೊಂಡು ನಡೆದೇ ಹೋಗುತ್ತಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಹಿಂದಿನಿಂದ ಅಪ್ಪ ಕೂಗಿದರು: "ಇಳಿಯೇ! ಇಳಿ!"

ಇಳಿದೆ. ಸೈಕಲ್ಲಿನಿಂದಲ್ಲ, ಕಣಿವೆಯನ್ನೇ.

ಹ್ಯಾಂಡಲ್ ಕೈಯಲ್ಲಿ ನಿಲ್ಲಲಿಲ್ಲ, ಹಲ್ಲು ಕಟಕಟ ಎಂದವು. ಬ್ರೇಕು ಹಿಡಿದರೆ ಜಾರುತ್ತದೆ ಎಂದು ಮೊದಲ ತಿರುವಿನಲ್ಲೇ ಗೊತ್ತಾಗಿ, ಬಿಟ್ಟು ಬಿಟ್ಟು ಹಿಡಿದೆ. ಸೀಟಿನಿಂದ ಎದ್ದು, ಆ ಮೊಳದಗಲದ ದಾರಿ ಬಿಡದೆ, ಒಮ್ಮೆಯೂ ಕಾಲು ಊರದೆ ಬುಡ ಮುಟ್ಟಿದೆ. ಅಷ್ಟು ಖುಷಿ ನಾನು ನನ್ನ ಮದುವೆಯಲ್ಲೂ ಪಟ್ಟಿಲ್ಲ.

ಅಪ್ಪ ತಮ್ಮ ಸೈಕಲ್ಲನ್ನು ನೆತ್ತಿಯಲ್ಲೇ ಬಿಟ್ಟು, ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. ಪಂಚೆ ಹರಿದಿತ್ತು. ಸೊಪ್ಪಮ್ಮನಿಗೆಂದು ಮುರಿದ ಟೊಂಗೆ ಕೈಯಲ್ಲೇ ಇತ್ತು.

"ಇಳಿ ಅಂದ್ನಲ್ಲೇ!"

"ಇಳಿದ್ನಲ್ಲಪ್ಪ!"

ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಬಂಡೆಯ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ, ಪೆದ್ದಿ. ಆ ನಗುವಿನಲ್ಲೇ ನನ್ನ ಸೈಕಲ್ ಮುಳುಗಿತೆಂದು ಗೊತ್ತಾಗಲಿಲ್ಲ. ಮನೆ ಮುಟ್ಟಿದ ಮೇಲೆ ಕೇಳಿದರೆ, "ದೇವ್ರು ದೊಡ್ಡೋನು, ಉಳ್ಕೊಂಡೆ. ಇನ್ ಸೈಕಲ್ ಸಹವಾಸ ಸಾಕು" ಎಂದರು. ಹೈಸ್ಕೂಲಿಗೆ ನಡೆದೇ ಹೋದೆ. ನಮ್ಮ ಬಂಧುಗಳ ಮದುವೆ ಮುಂಜಿಗಳಲ್ಲೆಲ್ಲ "ಇಳಿ ಅಂದ್ರೆ ಇಳಿದೇಬಿಟ್ಲು" ಎಂಬ ಕಥೆಗೆ ಊಟದ ಪಂಕ್ತಿಯೇ ನಗುತ್ತಿತ್ತು. ಬಿದ್ದಳಾ ಇಲ್ಲವಾ ಎಂದು ಒಬ್ಬರೂ ಕೇಳಲಿಲ್ಲ.

ಅರವತ್ತರ ದಶಕದ ಕೊನೆಗೆ ಆ ಕಣಿವೆಗೆ ಮದ್ದು ಹಾಕಿ ಸಿಡಿಸಿ, ಬಸ್ಸಿಗೆ ನೇರ ರಸ್ತೆ ಮಾಡಿದರು. ಜಾಡೂ ಹೋಯಿತು, ಸೊಪ್ಪಮ್ಮನೂ ಹೋದಳು. ಯಾರೂ ಅಳಲಿಲ್ಲ, ಬಸ್ಸು ಬಂತಲ್ಲ ಎಂಬ ಸಡಗರ. ಅತ್ತೆಯನ್ನು ನೋಡಲು ಅದೇ ಬಸ್ಸಿನಲ್ಲಿ ಅಪ್ಪನ ಜೊತೆ ಹೋದೆ. ತೊಡೆಯ ಮೇಲೆ ನನ್ನ ಮಗಳು ನಿದ್ದೆ ಹೋಗಿದ್ದಳು. ಕತ್ತರಿಸಿದ ಬಂಡೆಗಳ ನಡುವೆ ಬಸ್ಸು ಸಲೀಸಾಗಿ ಸಾಗಿತು. ಅಪ್ಪ ಕಿಟಕಿಯಾಚೆ ನೋಡುತ್ತಾ, ಈ ಸಲ ನಗದೆ ಕೇಳಿದರು:

"ಅಷ್ಟ್ ವರ್ಷ ಓಡಾಡಿದ್ರೂ ನಾನು ಅಲ್ಲಿ ಒಂದ್ಸಲಾನೂ ಸೈಕಲ್ ಮೇಲೆ ಕೂತು ಇಳ್ದಿಲ್ಲ ಕಣೆ. ಹೇಗಿತ್ತು?"

ಯಾರಾದರೂ ಕೇಳಲಿ ಎಂದು ವರ್ಷಗಟ್ಟಲೆ ಕಾದಿದ್ದ ಪ್ರಶ್ನೆ. ಒಂದೊಂದು ತಿರುವೂ ನನಗೆ ಬಾಯಿಪಾಠವಾಗಿತ್ತು. ಆದರೆ ಹತ್ತು ವರ್ಷ ಸಂಸಾರದಲ್ಲಿ, ಪಂಕ್ತಿಯಲ್ಲಿ, ದೊಡ್ಡವರ ಮುಂದೆ ರೂಢಿಯಾದ ಮಾತೇ ಮೊದಲು ಹೊರಬಿತ್ತು.

"ಭಯ ಆಗಿತ್ತಪ್ಪ" ಎಂದುಬಿಟ್ಟೆ.

"ಹಂಗಾದ್ರೆ ಸೈಕಲ್ ಕೊಡಿಸ್ದೆ ಇದ್ದಿದ್ದೇ ಒಳ್ಳೇದಾಯ್ತು ಬಿಡು" ಎಂದು ಅಪ್ಪ ಸಮಾಧಾನದಿಂದ ಸೀಟಿಗೆ ಒರಗಿದರು.