ನೆನೆಸದೆ ಕತ್ತರಿಸಿದ ಪರದೆ

“ನೋಡಮ್ಮಾ, ಈ ಕೈಯಲ್ಲಿ ಹೊಲಿದ ಕಿಟಕಿ ಪರದೆಗಳನ್ನ ಸಾಲಾಗಿ ಕಟ್ಟಿದ್ರೆ ಬೀದಿಗೆ ಬೀದಿಯೇ ಮರೆಯಾಗುತ್ತೆ. ಹೊಸ ಬಟ್ಟೆ ಅನ್ನೋದು ಹೊಸ ನೆಂಟನ ಹಾಗೆ. ಒಂದ್ಸಲ ನೆನೆದು ಒಣಗಿದ ಮೇಲೇ ಅದರ ನಿಜವಾದ ಅಳತೆ ಗೊತ್ತಾಗೋದು. ಇದನ್ನ ಕಲಿಸಿದ್ದೇ ನಮ್ಮತ್ತಿಗೆ. ಅವಸರಕ್ಕೆ ಒಂದ್ಸಲ ನೆನೆಸದೇ ಕತ್ತರಿ ಹಾಕಿದೆ ನೋಡು, ಲಾಡ್ಜಿನ ಕಿಟಕಿಗೆಲ್ಲ ಮಕ್ಕಳ ಲಂಗ ತೊಡಿಸಿದ ಹಾಗಾಯ್ತು!”

ಪರದೆಯಮ್ಮ ಇದನ್ನು ಈಗ ನಗುತ್ತಲೇ ಹೇಳುತ್ತಾಳೆ. ಆಗ ನಗುವ ಹಾಗಿರಲಿಲ್ಲ. ಮೊದಲ ಒಗೆತಕ್ಕೇ ಗೇಣುದ್ದ ಕುಗ್ಗಿದ ಪರದೆಗಳನ್ನು ಲಾಡ್ಜಿನವನು ಬಾಗಿಲಲ್ಲಿ ಸುರಿದುಹೋದ.

“ಬಡ್ಕೊಂಡೆ, ಕೇಳಿದ್ಯಾ?” ಎಂದಳು ಅತ್ತಿಗೆ.

“ದಿನಾ ಬಡ್ಕೊಂಡ್ರೆ ಕಿವಿ ಇದ್ದೋರೂ ಕಿವುಡಾಗ್ತಾರೆ!”

ಮಾತಿಗೆ ಮಾತು ಬೆಳೆದು, ಕೊನೆಗೆ ಮಾತೇ ನಿಂತಿತು. ಇಬ್ಬರ ನಡುವೆ ಅತ್ತಿಗೆಯ ಮಗಳೇ ಅಂಚೆಯವಳು. ಅವಳ ಬಾಯಿಂದಲೇ ಸುದ್ದಿ ಬಂತು: ಅಮ್ಮ ತನ್ನ ಹೊಲಿಗೆ ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಿ ಬೇರೆಯಾಗಿಯೇ ಕೆಲಸ ಹಿಡಿಯುತ್ತಾಳಂತೆ. ಅತ್ತಿಗೆ ಪಕ್ಕದಲ್ಲಿಲ್ಲದೆ ಪರದೆಯಮ್ಮ ಒಂದು ಹೊಲಿಗೆಯನ್ನೂ ಹಾಕಿದವಳಲ್ಲ. ಬೇಡವೆನ್ನಲು ನಾಲಗೆ ಏಳಬೇಕಲ್ಲ!

ಆ ಸಂಜೆ ಮಗಳು ಟೀವಿಯಲ್ಲಿ ಬ್ರಿಟಿಷರ ಹಳೆಯ ಹಾಸ್ಯಚಿತ್ರವೊಂದನ್ನು ಹಾಕಿದಳು. ಕಪ್ಪು ಬಿಳುಪು. ಹೆಸರು ಕೇಳಿದವರಿಲ್ಲ, ದುಡ್ಡು ಸುರಿದವರೂ ಇಲ್ಲ. ವಕೀಲನ ಮನೆಗೂ ಪೊಲೀಸ್ ಠಾಣೆಗೂ ಒಂದೇ ಕೋಣೆಯ ಸೆಟ್ಟು, ಒಂದೇ ಹೂಬಳ್ಳಿಯ ಪರದೆ. ಆಡುವ ಮಾತು ಇವರಿಬ್ಬರಿಗೂ ತಿಳಿಯದು. ಬೆಂಚಿನ ಆ ತುದಿಗೊಬ್ಬಳು, ಈ ತುದಿಗೊಬ್ಬಳು ಬಿಗಿದುಕೊಂಡು ಕೂತಿದ್ದರು.

ವಕೀಲನ ಮನೆಯಲ್ಲಿ ಬೆಂಕಿ ಆರಿಸಲು ಬಂದ ದಡಿಯನೊಬ್ಬ ಬಕೆಟ್ ನೀರನ್ನೆಲ್ಲ ಪರದೆಗೇ ಎರಚಿದ. ಮುಂದಿನ ದೃಶ್ಯ ಠಾಣೆ. ಅದೇ ಹೂಬಳ್ಳಿಯ ಪರದೆ ಮೊಣಕಾಲಿನವರೆಗೆ ಏರಿ ಕೂತಿದೆ! ಅದರ ಹಿಂದೆ ಅಡಗಿದ ಕಳ್ಳನ ಕಾಲೆರಡೂ ಬಟಾಬಯಲು. ಪೊಲೀಸರು ಮಾತ್ರ ಮೇಜಿನ ಖಾನೆಯೊಳಗೆ ಕಳ್ಳನನ್ನು ಹುಡುಕುತ್ತಿದ್ದಾರೆ.

“ಅಯ್ಯೋ, ನೆನೆಸದೇ ಕತ್ತರಿಸಿದಾರೆ!”

ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಒಂದು ಗಳಿಗೆ ಮುಖಮುಖ ನೋಡಿಕೊಂಡರು.

“ನಿನ್ನ ಶಿಷ್ಯರು ಅಲ್ಲೀವರೆಗೂ ಹೋಗಿದಾರಲ್ಲೇ!” ಎಂದಳು ಅತ್ತಿಗೆ.

“ಶಿಷ್ಯರಲ್ಲ ಅತ್ತಿಗೆ, ನನಗಿಂತ ಹಿರಿಯರು. ಗುರುಗಳು!”

ಇಬ್ಬರೂ ಪಕ್ಕೆ ಹಿಡಿದುಕೊಂಡು ನಕ್ಕರು. “ಹಾಗಾದ್ರೆ ಅಂಚೆಗೆ ರಜಾನಾ?” ಎಂದಳು ಮಗಳು.

ಪರದೆಯಮ್ಮ ಕಣ್ಣೊರೆಸಿಕೊಂಡಳು. “ತಪ್ಪು ನಂದೇ ಅತ್ತಿಗೆ. ಮಿಷನ್ ಎತ್ತಬೇಡಿ.”

“ಎತ್ತೋಕೆ ನನ್ನ ಸೊಂಟ ಒಪ್ಪಬೇಕಲ್ಲ, ಹೋಗೇ!”

ಮರುದಿನ ಬೆಳಗ್ಗೆ ಹೊಸ ಬಟ್ಟೆ ಬಕೆಟ್ಟಿನಲ್ಲಿ ನೆನೆದಿತ್ತು. ಅಷ್ಟುದ್ದದ್ದನ್ನು ಒಬ್ಬಳೇ ಹಿಂಡಲಾಗದು. ಒಂದು ತುದಿ ಅತ್ತಿಗೆ ಹಿಡಿದಳು, ಇನ್ನೊಂದು ಇವಳು. ಅವಳು ಎಡಕ್ಕೆ, ಇವಳು ಬಲಕ್ಕೆ.

“ಇನ್ನೂ ತಿರುಚು, ನಿನ್ನ ಕಡೆ ನೀರಿದೆ,” ಎಂದಳು ಅತ್ತಿಗೆ.

ತಿರುಚಿದಳು. ಆಮೇಲೆ ಇಬ್ಬರೂ ಬಟ್ಟೆಯನ್ನು ಕೊಡವಿ ಹಗ್ಗದ ಮೇಲೆ ಹರವಿದರು.